ಕಡಲಿನ ನಿಜವಾದ ಬಣ್ಣ: ಹಡಗಿನ ಆಟಗಳಿಂದ ಸಿ. ವಿ. ರಾಮನ್ ಅವರವರೆಗೆ

ಸಮುದ್ರದ ಚಿತ್ರ ಬಿಡಿಸಿ ಎಂದರೆ ನೀವು ಯಾವ ಬಣ್ಣದ ಕ್ರೇಯಾನ್ ಎತ್ತಿಕೊಳ್ಳುತ್ತೀರಿ? ನೀಲಿ, ಅಲ್ಲವೇ? ಚಿಕ್ಕ ಮಕ್ಕಳು ಮಾತ್ರವಲ್ಲ, ಅಪ್ಪ ಅಮ್ಮಂದಿರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಈಗ ಒಂದು ಲೋಟದಲ್ಲಿ ನೀರು ಹಿಡಿದು ನೋಡಿ. ಅದಕ್ಕೆ ಬಣ್ಣವೇ ಇಲ್ಲ. ಲೋಟದಲ್ಲಿ ಕಾಣದ ಬಣ್ಣ ಕಡಲಿಗೆ ಎಲ್ಲಿಂದ ಬಂತು?

ನನಗೆ ಈ ಪ್ರಶ್ನೆ ಬಂದದ್ದು ಪುಸ್ತಕದಿಂದಲ್ಲ, ಕಂಪ್ಯೂಟರ್ ಗೇಮ್‌ನಿಂದ. ಯುದ್ಧನೌಕೆ, ಜಲಾಂತರ್ಗಾಮಿಗಳನ್ನು ನಡೆಸುವ ಆಟಗಳನ್ನು ಆಡುವವರು ಹಡಗಿನ ಬಗ್ಗೆ ಎಷ್ಟು ಮಾತಾಡುತ್ತಾರೋ ನೀರಿನ ಬಣ್ಣದ ಬಗ್ಗೆಯೂ ಅಷ್ಟೇ ಮಾತಾಡುತ್ತಾರೆ. ಒಂದು ಆಟದ ಸಮುದ್ರ ಈಜುಕೊಳದ ಹಾಗೆ ಹೊಳೆಯುವ ನೀಲಿ. ಇನ್ನೊಂದರದ್ದು ಬೂದಿ ಮಿಶ್ರಿತ ಹಸಿರು. "ಇದು ನಿಜವಾದ ಸಮುದ್ರದ ಹಾಗಿಲ್ಲ" ಎಂದು ಎರಡಕ್ಕೂ ತಕರಾರು ಇರುತ್ತದೆ. ಹಾಗಾದರೆ ನಿಜವಾದ ಬಣ್ಣ ಯಾವುದು? ಅದನ್ನು ಹುಡುಕುತ್ತಾ ಹೋದರೆ ಚರಿತ್ರೆ ನಮ್ಮನ್ನು ಶಿಕಾಗೊದ ಆಟದ ಕಾರ್ಖಾನೆಯಿಂದ ಬೆಂಗಳೂರಿನ ಒಬ್ಬ ವಿಜ್ಞಾನಿಯವರೆಗೆ, ಅಲ್ಲಿಂದ ತಿರುಗಿ ನಮ್ಮ ಮಿಶಿಗನ್ ಸರೋವರದವರೆಗೆ ಕರೆದುಕೊಂಡು ಬರುತ್ತದೆ. ಬನ್ನಿ, ನೋಡೋಣ.

ಪ್ಲಾಸ್ಟಿಕ್ ಅಲೆ, ನೀಲಿ ಹಾಳೆ

ಮೊದಲು ಆಟಗಳಿಂದಲೇ ಶುರುಮಾಡೋಣ. 1966ರಲ್ಲಿ ಜಪಾನಿನ ಸೆಗಾ ಕಂಪನಿ 'ಪೆರಿಸ್ಕೋಪ್' ಎಂಬ ಆಟದ ಯಂತ್ರವನ್ನು ಮಾಡಿತು. ಆಗ ಅಂಗಡಿಗಳಲ್ಲಿ ವಿಡಿಯೊ ಗೇಮ್ ಇರಲಿಲ್ಲ. ಆ ಯಂತ್ರದೊಳಗೆ ಪ್ಲಾಸ್ಟಿಕ್‌ನ ಅಲೆಗಳಿದ್ದವು, ಅವುಗಳ ಹಿಂದೆ ಚಿಕ್ಕ ಹಡಗುಗಳು ಸಾಗುತ್ತಿದ್ದವು, ಟಾರ್ಪಿಡೊ ಎಂದರೆ ಸಾಲಾಗಿ ಹೊತ್ತಿಕೊಳ್ಳುವ ದೀಪಗಳು.

ಹತ್ತು ವರ್ಷದ ನಂತರ, 1976ರಲ್ಲಿ, 'ಸೀ ವುಲ್ಫ್' ಎಂಬ ವಿಡಿಯೊ ಗೇಮ್ ಬಂತು. ಅದನ್ನು ತಂದದ್ದು ನಮ್ಮ ಶಿಕಾಗೊ ಹೊರವಲಯದ ಮಿಡ್‌ವೇ ಕಂಪನಿ. ಅದರ ಪರದೆ ಕಪ್ಪು ಬಿಳುಪಿನದು. ಸಮುದ್ರ ಕಾಣಬೇಕಲ್ಲ! ಅದಕ್ಕೆ ಪರದೆಯ ಮೇಲೆ ಪಾರದರ್ಶಕವಾದ ನೀಲಿ ಹಾಳೆ ಹೊದಿಸಿದರು. ಅಷ್ಟೇ, ಕಡಲು ತಯಾರು. 1981ರಲ್ಲಿ ಐಬಿಎಂ ಪಿಸಿ ಬಂದಾಗಲೂ ಅದರ ಬಣ್ಣದ ಚಿತ್ರಗಳಲ್ಲಿ ಒಂದು ಸಲಕ್ಕೆ ನಾಲ್ಕೇ ಬಣ್ಣ. ಅದರಲ್ಲಿ ಯಾವುದು ನೀರಿಗೆ ಹತ್ತಿರವೋ ಅದನ್ನು ಬಳಿದು ಬಿಡುತ್ತಿದ್ದರು.

ಮುಂದೆ ಕಂಪ್ಯೂಟರ್‌ಗಳ ಶಕ್ತಿ ಹೆಚ್ಚಿತು. ಆಗ ನೀರಿನ ಮೇಲೆ ಆಕಾಶದ ಪ್ರತಿಬಿಂಬ ಬಿತ್ತು. ಮೋಡ ಕವಿದರೆ ನೀರು ಬೂದಿ, ಸಂಜೆಯಾದರೆ ಕಿತ್ತಳೆ. ನೋಡಲು ಬಹಳ ಚಂದ. ಆದರೆ ನೀರು ನೀರಿನ ಹಾಗಿರಲಿಲ್ಲ, ಕನ್ನಡಿಯ ಹಾಗಿತ್ತು. ಏನೋ ಒಂದು ಕಡಿಮೆ ಇತ್ತು.

ಇಲ್ಲಿಯೇ ಸ್ವಾರಸ್ಯ ಇರುವುದು. ಆಟ ಮಾಡುವವರು ಸಿಕ್ಕಿಬಿದ್ದ ಈ ಜಾಗದಲ್ಲೇ ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಇದ್ದರು.

ಕಡಲು ಆಕಾಶದ ಕನ್ನಡಿಯೇ?

ಸಮುದ್ರ ಏಕೆ ನೀಲಿ ಎಂದು ಯಾರನ್ನಾದರೂ ಕೇಳಿ ನೋಡಿ. "ಆಕಾಶ ನೀಲಿ, ಅದರ ಪ್ರತಿಬಿಂಬ ನೀರಿನಲ್ಲಿ ಕಾಣುತ್ತದೆ" ಎಂಬ ಉತ್ತರ ಇಂದಿಗೂ ಬರುತ್ತದೆ. ಇದು ಸುಮ್ಮನೆ ಹುಟ್ಟಿದ ಮಾತಲ್ಲ. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಆಕಾಶ ಏಕೆ ನೀಲಿ ಎಂದು 1871ರಲ್ಲೇ ವಿವರಿಸಿದ್ದರು. ಗಾಳಿಯಲ್ಲಿರುವ ಬಹಳ ಸಣ್ಣ ಕಣಗಳಿಗೆ ಬಿಸಿಲು ಬಡಿದಾಗ ಕೆಂಪು ಬೆಳಕಿಗಿಂತ ನೀಲಿ ಬೆಳಕು ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರುತ್ತದೆ. ಆ ಚದುರಿದ ನೀಲಿಯೇ ನಮಗೆ ಆಕಾಶವಾಗಿ ಕಾಣುವುದು. ಅದೇ ರ‍್ಯಾಲೆಯವರು, ಆಳ ಸಮುದ್ರದ ಕಡುನೀಲಿಗೂ ನೀರಿಗೂ ಸಂಬಂಧವಿಲ್ಲ, ಅದು ಪ್ರತಿಬಿಂಬಿಸಿದ ಆಕಾಶ ಅಷ್ಟೇ ಎಂದು ಹೇಳಿದರು. ರ‍್ಯಾಲೆಯವರಿಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಅಂಥವರು ಹೇಳಿದ ಮೇಲೆ ಎದುರಾಡುವವರು ಯಾರು?

ಎದುರಾಡಿದವರು ಒಬ್ಬರು ಇದ್ದರು. ಚಂದ್ರಶೇಖರ ವೆಂಕಟ ರಾಮನ್.

ನಾರ್ಕುಂಡಾ ಹಡಗಿನ ಮೇಲೆ

1921ರಲ್ಲಿ ರಾಮನ್ ಅವರಿಗೆ 32 ವರ್ಷ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಅವರು ಹೋಗಬೇಕಾಗಿತ್ತು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಹಿಡಿಯಿತು. ಇಷ್ಟು ಗಾಢವಾದ ನೀಲಿ ಬರೀ ಆಕಾಶದ ನೆರಳಾಗಲು ಸಾಧ್ಯವೇ ಎಂಬ ಸಂಶಯ ಅವರಿಗೆ.

ತಿರುಗಿ ಬರುವಾಗ ಅವರು ಎಸ್. ಎಸ್. ನಾರ್ಕುಂಡಾ ಎಂಬ ಹಡಗಿನಲ್ಲಿದ್ದರು. ಅವರ ಹತ್ತಿರ ದೊಡ್ಡ ಪ್ರಯೋಗಶಾಲೆ ಇರಲಿಲ್ಲ. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಉಪಕರಣಗಳಿದ್ದವು. ಅವುಗಳಲ್ಲಿ ಒಂದು ನಿಕೋಲ್ ಪಟ್ಟಕ.

ಅದು ಏನು ಮಾಡುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕಥೆ ಇದರ ಮೇಲೆ ನಿಂತಿದೆ. ಬೆಳಕು ಒಂದು ಅಲೆ. ಬಿಸಿಲಿನಲ್ಲಿ ಆ ಅಲೆ ಎಲ್ಲ ದಿಕ್ಕಿಗೂ ಅಲುಗಾಡುತ್ತಿರುತ್ತದೆ. ಅದೇ ಬೆಳಕು ನೀರಿನ ಮೇಲೆ ಒಂದು ನಿರ್ದಿಷ್ಟ ಓರೆಯಲ್ಲಿ ಬಿದ್ದು ಪ್ರತಿಫಲಿಸಿದರೆ, ಅದರ ಅಲುಗಾಟ ಒಂದೇ ದಿಕ್ಕಿಗೆ ಉಳಿಯುತ್ತದೆ. ನಿಕೋಲ್ ಪಟ್ಟಕವು ಒಂದು ದಿಕ್ಕಿನ ಅಲುಗಾಟವನ್ನು ಮಾತ್ರ ಒಳಗೆ ಬಿಡುವ ಬಾಗಿಲು. ಅದನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಪ್ರತಿಫಲಿಸಿದ ಬೆಳಕು ಪೂರ್ತಿ ನಿಂತುಹೋಗುತ್ತದೆ. ನೀರಿನ ಒಳಗಿನಿಂದ ಬರುವ ಬೆಳಕು ಮಾತ್ರ ಕಣ್ಣಿಗೆ ಬೀಳುತ್ತದೆ.

ರಾಮನ್ ಹಡಗಿನ ಮೇಲೆ ನಿಂತು ಪಟ್ಟಕದ ಮೂಲಕ ಕಡಲನ್ನು ನೋಡಿದರು. ರ‍್ಯಾಲೆ ಹೇಳಿದ್ದು ನಿಜವಾಗಿದ್ದರೆ, ಆಕಾಶದ ಪ್ರತಿಬಿಂಬ ತೆಗೆದ ಮೇಲೆ ನೀಲಿ ಹೋಗಬೇಕಾಗಿತ್ತು. ಹೋಗಲಿಲ್ಲ. ಬದಲಿಗೆ ಇನ್ನೂ ಗಾಢವಾಯಿತು! ಆಕಾಶ ಕಡಲಿಗೆ ನೀಲಿ ಕೊಡುತ್ತಿರಲಿಲ್ಲ, ಕಡಲಿನ ನೀಲಿಯ ಮೇಲೆ ತನ್ನ ಮಂಕು ಬೆಳಕನ್ನು ಹೊದಿಸುತ್ತಿತ್ತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ರಾಮನ್ ತೀರ್ಮಾನಿಸಿದರು.

ಹಡಗು ಸೆಪ್ಟೆಂಬರ್‌ನಲ್ಲಿ ಬೊಂಬಾಯಿ ಬಂದರು ತಲುಪಿತು. ಅಲ್ಲಿಂದಲೇ ಅವರು 'ನೇಚರ್' ಪತ್ರಿಕೆಗೆ ಪತ್ರ ಬರೆದರು. ಪತ್ರದ ಮೇಲಿದ್ದ ವಿಳಾಸ: ಎಸ್. ಎಸ್. ನಾರ್ಕುಂಡಾ, ಬೊಂಬಾಯಿ ಬಂದರು. ತಾರೀಕು ಸೆಪ್ಟೆಂಬರ್ 26. ಆ ವರ್ಷದ ನವೆಂಬರ್‌ನಲ್ಲಿ ಅದು ಅಚ್ಚಾಯಿತು. ಕಲ್ಕತ್ತಾಕ್ಕೆ ಹೋದ ಮೇಲೆ ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬುದನ್ನೇ ಅವರೂ ಅವರ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಹಿಡಿದು ಕೂತರು. ಆ ಕೆಲಸವೇ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧಕ್ಕೆ ಮುಟ್ಟಿತು, 1930ರಲ್ಲಿ ನೊಬೆಲ್ ತಂದಿತು. ಭಾರತದಲ್ಲಿ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ ಆದದ್ದು ಇದರಿಂದಲೇ.

ರಾಮನ್ ಹುಟ್ಟಿದ್ದು ತಿರುಚಿರಾಪಳ್ಳಿಯಲ್ಲಿ. ಆದರೆ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಬೆಂಗಳೂರಿನವರೇ ಆದರು. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಶುರುವಾಯಿತು. 1970ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ರಜೆಗೆ ಊರಿಗೆ ಹೋದಾಗ ಮೇಖ್ರಿ ಸರ್ಕಲ್ ಕಡೆ ಹೋದರೆ ಆ ಸಂಸ್ಥೆ ನಿಮಗೆ ಸಿಗುತ್ತದೆ.

ಕೆಂಪನ್ನು ನುಂಗುವ ನೀರು

ರಾಮನ್ ಹೇಳಿದ್ದೇ ಪೂರ್ತಿ ಉತ್ತರವೇ? ಇಲ್ಲ. ನೀರು ಬೆಳಕನ್ನು ಚದುರಿಸುವುದರ ಜೊತೆಗೆ ಹೀರುತ್ತದೆ ಕೂಡ. ಎಲ್ಲ ಬಣ್ಣವನ್ನೂ ಒಂದೇ ಸಮನಾಗಿ ಹೀರುವುದಿಲ್ಲ, ಕೆಂಪನ್ನು ಬಹಳ ಬೇಗ ನುಂಗುತ್ತದೆ. ಹತ್ತು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬೆಳಕು ಬಹುಪಾಲು ಮುಗಿದಿರುತ್ತದೆ. ನೀಲಿ ಮಾತ್ರ ಬಹಳ ಆಳಕ್ಕೆ ಇಳಿಯುತ್ತದೆ. ನೀರಿಗೆ ಹೀರುವ ಗುಣ ಇದೆ ಎಂಬುದು ರಾಮನ್ ಅವರಿಗೂ ಗೊತ್ತಿತ್ತು, ಆದರೆ ಚದುರುವಿಕೆಗೆ ಅವರು ಹೆಚ್ಚು ತೂಕ ಕೊಟ್ಟರು. ಇಂದಿನ ವಿಜ್ಞಾನಿಗಳು ಹೀರಿಕೆಗೆ ಹೆಚ್ಚು ತೂಕ ಕೊಡುತ್ತಾರೆ. ನೀರು ಕೆಂಪನ್ನು ನುಂಗುತ್ತದೆ, ಉಳಿದ ನೀಲಿಯನ್ನು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಎರಡೂ ಸೇರಿದರೆ ಕಡಲು. ಲೋಟದ ನೀರಿಗೆ ಬಣ್ಣ ಕಾಣದಿರುವುದು ಅದರ ಆಳ ಬೆರಳಷ್ಟು ಉದ್ದ ಮಾತ್ರ ಇರುವುದರಿಂದ.

ಈಗ ಆಟಕ್ಕೆ ವಾಪಸ್ ಬರೋಣ. 1990ರ ದಶಕದ ಕೊನೆಯಲ್ಲಿ ಜೆರ‍್ರಿ ಟೆಸೆಂಡಾರ್ಫ್ ಎಂಬುವರು ಕಂಪ್ಯೂಟರ್‌ನಲ್ಲಿ ಸಮುದ್ರವನ್ನು ಗಣಿತದಿಂದ ಕಟ್ಟುವುದು ಹೇಗೆ ಎಂದು ಬರೆದು ಹಂಚಿದರು. 'ಟೈಟಾನಿಕ್' ಸಿನಿಮಾದ ಕಡಲಿಗೂ ಇದೇ ಬಗೆಯ ಲೆಕ್ಕ ಬಳಸಿದ್ದರು. ಅವರ ಬರಹದಲ್ಲಿ ಅಲೆಯ ಲೆಕ್ಕ ಮಾತ್ರವಲ್ಲ, ಬೆಳಕಿನ ಲೆಕ್ಕವೂ ಇದೆ. ನೇರ ಕೆಳಗೆ ನೋಡಿದರೆ ನೀರು ನೂರಕ್ಕೆ ಎರಡು ಭಾಗದಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ, ದೂರದ ದಿಗಂತದ ಕಡೆ ನೋಡಿದರೆ ಹೆಚ್ಚುಕಡಿಮೆ ಎಲ್ಲವನ್ನೂ. ಆದ್ದರಿಂದ ಹಡಗಿನ ಪಕ್ಕದ ನೀರಿಗೆ ನೀರಿನದೇ ಬಣ್ಣ ಕೊಡಬೇಕು, ದೂರದ ನೀರಿಗೆ ಆಕಾಶದ್ದು. ರಾಮನ್ ಪಟ್ಟಕ ಹಿಡಿದು ಬೇರ್ಪಡಿಸಿದ ಎರಡು ಬೆಳಕುಗಳನ್ನೇ ಇಂದಿನ ಗೇಮ್ ಮಾಡುವವರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಸೇರಿಸುತ್ತಾರೆ. ಮೊದಲು ನೀಲಿ ಬಳಿದರು, ಆಮೇಲೆ ಕನ್ನಡಿ ಮಾಡಿದರು, ಕೊನೆಗೆ ನೀರಿನ ಒಳಗೆ ಇಳಿದರು.

ಆದರೂ ಆಟಗಾರರಿಗೆ ಸಮಾಧಾನವಿಲ್ಲ. 2005ರ 'ಸೈಲೆಂಟ್ ಹಂಟರ್ 3' ಎಂಬ ಜಲಾಂತರ್ಗಾಮಿ ಆಟಕ್ಕೆ ನೀರಿನ ಬಣ್ಣ ಬದಲಿಸುವ ಮಾಡ್‌ಗಳನ್ನು ಆಟಗಾರರೇ ಮಾಡಿಕೊಂಡರು. ಅಟ್ಲಾಂಟಿಕ್‌ನ ಉತ್ತರಕ್ಕೆ ಒಂದು ಬಣ್ಣ, ಮೆಡಿಟರೇನಿಯನ್‌ಗೆ ಇನ್ನೊಂದು ಬೇಕು ಎಂದು ಅವರ ವಾದ. ಅವರ ವಾದ ಸರಿ. ಶುದ್ಧ ನೀರಿನ ಲೆಕ್ಕ ಸರಿಯಾದರೂ ಸಮುದ್ರ ಎಂದರೆ ಬರೀ ಶುದ್ಧ ನೀರಲ್ಲವಲ್ಲ!

ಕಾರವಾರಕ್ಕೆ ಒಂದು ಆಟ

ಉದಾಹರಣೆಗೆ ನಮ್ಮ ಕಾರವಾರವನ್ನು ತೆಗೆದುಕೊಳ್ಳಿ. ಅಲ್ಲಿ ಭಾರತದ ನೌಕಾಪಡೆಯ ದೊಡ್ಡ ನೆಲೆ ಇದೆ. ಬನವಾಸಿಯ ಕದಂಬರ ಹೆಸರಿನಲ್ಲಿ ಅದಕ್ಕೆ ಐಎನ್‌ಎಸ್ ಕದಂಬ ಎಂದು ಹೆಸರು. ನಿಮ್ಮಲ್ಲಿ ಯಾರಾದರೂ ಮುಂದೆ ಕಾರವಾರದ ಕಡಲಿನ ಮೇಲೆ ಒಂದು ಗೇಮ್ ಮಾಡುತ್ತೀರಿ ಎಂದುಕೊಳ್ಳೋಣ. ನೀರಿಗೆ ಯಾವ ಬಣ್ಣ ಹಾಕುತ್ತೀರಿ?

ಜನವರಿಯಲ್ಲಿ ನೀರು ತಿಳಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡುವವರಿಗೆ ಮೀನು, ಹವಳ ಚೆನ್ನಾಗಿ ಕಾಣುವ ಕಾಲ ಅದು. ಜುಲೈನಲ್ಲಿ ನೋಡಿದರೆ ಅದೇ ಕಡಲೇ ಎಂದು ಅನುಮಾನ ಬರಬೇಕು. ಘಟ್ಟದ ಮೇಲೆ ಸುರಿದ ಮಳೆಯನ್ನೆಲ್ಲ ಹೊತ್ತು ತರುವ ಕಾಳಿ, ಶರಾವತಿ, ನೇತ್ರಾವತಿ ನದಿಗಳು ಕಡಲು ಸೇರುವ ಜಾಗದಲ್ಲಿ ಕೆಂಪು ಕದಡು ನೀರು. ಮಳೆಗಾಲದಲ್ಲೇ ಇನ್ನೊಂದು ಸಂಗತಿ ನಡೆಯುತ್ತದೆ. ನಮ್ಮ ಪಶ್ಚಿಮ ಕರಾವಳಿಯ ದಕ್ಷಿಣ ಭಾಗದಲ್ಲಿ ಆಳದ ತಣ್ಣನೆಯ ನೀರು ಗೊಬ್ಬರದಂಥ ಸತ್ವಗಳನ್ನು ಹೊತ್ತು ಮೇಲೆ ಬರುತ್ತದೆ. ಅದನ್ನು ತಿಂದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ, ನೀರು ಹಸಿರಾಗುತ್ತದೆ. ಆ ಪಾಚಿ ಬೂತಾಯಿ ಮೀನಿನ ಊಟ. ಅಂದರೆ ಹಸಿರು ನೀರು ಎಂದರೆ ಮೀನು ಇರುವ ನೀರು.

ಈ ಹಸಿರನ್ನು ಈಗ ಆಕಾಶದಿಂದ ಅಳೆಯುತ್ತಾರೆ. 1999ರ ಮೇ 26ರಂದು ಇಸ್ರೊ ಓಷನ್‌ಸ್ಯಾಟ್-1 ಎಂಬ ಉಪಗ್ರಹ ಹಾರಿಸಿತು. ಅದರಲ್ಲಿದ್ದ ಒಂದು ಉಪಕರಣದ ಕೆಲಸವೇ ಸಮುದ್ರದ ಬಣ್ಣ ನೋಡುವುದು. ಬಣ್ಣ ನೋಡಿ ಪಾಚಿ ಎಲ್ಲಿದೆ, ಪಾಚಿ ನೋಡಿ ಮೀನು ಎಲ್ಲಿರಬಹುದು ಎಂದು ಹೇಳಬಹುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹಗಳ ಇಂಥ ಮಾಹಿತಿಯಿಂದ ಮೀನುಗಾರರಿಗೆ ಸೂಚನೆ ಕಳಿಸುತ್ತದೆ, ಕನ್ನಡದಲ್ಲೂ ಕಳಿಸುತ್ತದೆ. ಮಲ್ಪೆಯ ದೋಣಿಗೆ ಡೀಸೆಲ್ ಉಳಿಯುವುದು ಕಡಲಿನ ಬಣ್ಣ ಸರಿಯಾಗಿ ಓದಿದರೆ.

ನಮ್ಮ ಮನೆ ಹತ್ತಿರದ ಕಡಲು

ಈಗ ನಾವಿರುವ ಊರಿಗೆ ಬರೋಣ. ಬೋಲಿಂಗ್‌ಬ್ರೂಕ್‌ನಿಂದ ಮಿಶಿಗನ್ ಸರೋವರ ಮೂವತ್ತು ಮೈಲಿ ಇರಬಹುದು. ಊರಿನಿಂದ ಬಂದ ಅಜ್ಜಿ ತಾತಂದಿರು ಅದನ್ನು ಮೊದಲ ಸಲ ನೋಡಿ "ಇದು ಸರೋವರವೇ? ಸಮುದ್ರವೇ!" ಎನ್ನುತ್ತಾರೆ. ಅಮೆರಿಕದ ನೌಕಾಪಡೆಯೂ ಹಾಗೆಯೇ ಅಂದುಕೊಂಡಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನವಾಹಕ ನೌಕೆಯ ಮೇಲೆ ಇಳಿಯುವುದನ್ನು ಪೈಲಟ್‌ಗಳಿಗೆ ಕಲಿಸಬೇಕಾಗಿತ್ತು. ನಿಜವಾದ ಸಾಗರದಲ್ಲಿ ಶತ್ರುಗಳ ಜಲಾಂತರ್ಗಾಮಿಗಳ ಭಯ. ಅದಕ್ಕೆ ಪ್ರಯಾಣಿಕರ ಎರಡು ಹಳೆಯ ಸ್ಟೀಮರ್‌ಗಳ ಮೇಲೆ ಚಪ್ಪಟೆ ಡೆಕ್ ಕಟ್ಟಿ, ಯುಎಸ್‌ಎಸ್ ವುಲ್ವರಿನ್ (1942) ಮತ್ತು ಯುಎಸ್‌ಎಸ್ ಸೇಬಲ್ (1943) ಎಂದು ಹೆಸರಿಟ್ಟು, ಶಿಕಾಗೊದ ನೇವಿ ಪಿಯರ್‌ನಲ್ಲಿ ಇಟ್ಟರು. 17,000ಕ್ಕೂ ಹೆಚ್ಚು ಪೈಲಟ್‌ಗಳು ಇಲ್ಲಿ ಕಲಿತರು. ಕಂಪ್ಯೂಟರ್ ಇಲ್ಲದ ಕಾಲದ ನೌಕಾ ಸಿಮ್ಯುಲೇಟರ್ ಎಂದರೆ ನಮ್ಮ ಸರೋವರವೇ! ನೂರಕ್ಕೂ ಹೆಚ್ಚು ವಿಮಾನಗಳು ನೀರಿಗೆ ಬಿದ್ದವು. ಹಾಗೆ ಮುಳುಗಿದ್ದ ಒಂದು ವಿಮಾನವನ್ನು ಮೇಲೆತ್ತಿ ರಿಪೇರಿ ಮಾಡಿ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ತೂಗುಹಾಕಿದ್ದಾರೆ. ಅಲ್ಲಿಂದ ಹಾರುವಾಗ ತಲೆ ಎತ್ತಿ ನೋಡಿ.

ಆ ಪೈಲಟ್‌ಗಳು ಮೇಲಿನಿಂದ ನೋಡಿದ ಸರೋವರದ ಬಣ್ಣ ಮತ್ತು ನಾವು ಇಂದು ನೋಡುವ ಬಣ್ಣ ಒಂದೇ ಅಲ್ಲ. ಈಗ ನೀರು ಹೆಚ್ಚು ತಿಳಿ, ಹೆಚ್ಚು ನೀಲಿ. 2015ರ ಏಪ್ರಿಲ್‌ನಲ್ಲಿ ಕೋಸ್ಟ್ ಗಾರ್ಡ್‌ನವರು ಹೆಲಿಕಾಪ್ಟರ್‌ನಿಂದ ತೆಗೆದ ಫೋಟೊಗಳಲ್ಲಿ ಮಿಶಿಗನ್ ಸರೋವರದ ತಳದ ಹಳೆಯ ಮುಳುಗಿದ ಹಡಗುಗಳು ಸ್ಪಷ್ಟವಾಗಿ ಕಂಡವು. ಎಷ್ಟು ಶುಭ್ರ ಎಂದು ಎಲ್ಲರಿಗೂ ಖುಷಿ. ಆದರೆ ಕಾರಣ ಕೇಳಿದರೆ ಖುಷಿ ಇಳಿಯುತ್ತದೆ.

1988ರಲ್ಲಿ ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಜೀಬ್ರಾ ಮಸಲ್ ಎಂಬ ಉಗುರಿನಷ್ಟು ದೊಡ್ಡ ಕಪ್ಪೆಚಿಪ್ಪುಗಳು ಸಿಕ್ಕವು. ಹಿಂದೆಯೇ ಅವುಗಳ ನೆಂಟ ಕ್ವಾಗಾ ಮಸಲ್ ಬಂತು. ಇವುಗಳ ತವರು ಕಪ್ಪು ಸಮುದ್ರದ ಕಡೆ. ಸರಕು ಹಡಗುಗಳು ತೂಕಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಂಡು ಬಂದ ನೀರನ್ನು ಇಲ್ಲಿ ಚೆಲ್ಲಿದಾಗ ಅದರ ಜೊತೆ ಬಂದವು. ಒಂದು ಚಿಪ್ಪು ದಿನಕ್ಕೆ ಒಂದು ಲೀಟರ್‌ವರೆಗೆ ನೀರು ಸೋಸಿ ಅದರಲ್ಲಿರುವ ಪಾಚಿಯನ್ನು ತಿನ್ನುತ್ತದೆ. ಇಂದು ಅವು ಲೆಕ್ಕವಿಲ್ಲದಷ್ಟು ಇವೆ, ಸರೋವರದ ತಳವನ್ನೂ ಮುಳುಗಿದ ಹಡಗು, ವಿಮಾನಗಳನ್ನೂ ಮುಚ್ಚಿಕೊಂಡಿವೆ. ಪಾಚಿ ಹೋದರೆ ಅದನ್ನು ತಿನ್ನುವ ಸಣ್ಣ ಜೀವಿಗಳು ಹೋಗುತ್ತವೆ, ಅವುಗಳನ್ನು ತಿನ್ನುವ ಮೀನುಗಳಿಗೆ ಊಟವಿಲ್ಲ. ಹ್ಯೂರನ್ ಸರೋವರದಲ್ಲಿ 2004ರ ಹೊತ್ತಿಗೆ ಏಲ್‌ವೈಫ್ ಎಂಬ ಮೀನು ಕುಸಿದುಬಿತ್ತು, ಅದನ್ನೇ ನಂಬಿದ್ದ ಶಿನೂಕ್ ಸಾಮನ್ ಕೂಡ ಕುಸಿಯಿತು. ಮಿಶಿಗನ್ ಮತ್ತು ಹ್ಯೂರನ್ ಸರೋವರಗಳು ಈಗ ತಿಳಿಯಲ್ಲಿ ಸುಪೀರಿಯರ್ ಸರೋವರವನ್ನೂ ಮೀರಿಸಿವೆ ಎಂದು ಉಪಗ್ರಹ ಚಿತ್ರಗಳಿಂದ ಗೊತ್ತಾಗಿದೆ. ಆ ಚಂದದ ನೀಲಿ, ಊಟ ಖಾಲಿಯಾದ ನೀರಿನ ಬಣ್ಣ.

ಹಾಗೆಂದು ಹಸಿರೆಲ್ಲ ಒಳ್ಳೆಯದೂ ಅಲ್ಲ. ಡೆಟ್ರಾಯಿಟ್‌ನ ಕೆಳಗಿರುವ ಈರಿ ಸರೋವರಕ್ಕೆ ಹೊಲಗಳ ಗೊಬ್ಬರ ಹರಿದು ಬಂದು ವಿಷದ ಪಾಚಿ ಬೆಳೆಯುತ್ತದೆ. 2014ರ ಆಗಸ್ಟ್‌ನಲ್ಲಿ ಟೊಲೀಡೊ ನಗರದವರು ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಆ ನೀರಿನ ಬಣ್ಣ ಬಟಾಣಿ ಸೂಪಿನ ಹಾಗಿತ್ತು.

ನನ್ನ ಮೊದಲ ಪ್ರಶ್ನೆ ನೆನಪಿದೆಯೇ, ನಿಜವಾದ ಬಣ್ಣ ಯಾವುದು ಎಂದು? ಕಡಲಿಗೆ ಒಂದು ನಿಜವಾದ ಬಣ್ಣ ಇಲ್ಲ. ಯಾವ ಊರಿನ, ಯಾವ ತಿಂಗಳಿನ ನೀರು, ಅದರಲ್ಲಿ ಏನೇನು ಬದುಕಿದೆ, ಯಾವ ನದಿ ಬಂದು ಸೇರಿದೆ ಎಂಬುದನ್ನೆಲ್ಲ ಹೇಳುವ ಬಣ್ಣವೇ ನಿಜವಾದ ಬಣ್ಣ. ಗೇಮ್‌ನಲ್ಲಿ ನೀಲಿ ಎಂದರೆ ಒಳ್ಳೆಯ ಗ್ರಾಫಿಕ್ಸ್ ಎಂದು ನಾವು ರೂಢಿ ಮಾಡಿಕೊಂಡಿದ್ದೇವೆ. ಆ ರೂಢಿಯ ಕಣ್ಣಿನಿಂದ ನಮ್ಮ ಸರೋವರವನ್ನು ನೋಡಿದರೆ ಅದರ ಕಾಯಿಲೆಯನ್ನೇ ಅಂದ ಎಂದುಕೊಳ್ಳುತ್ತೇವೆ.

ನೀವೇ ಮಾಡಿ ನೋಡಿ

ಈ ಬೇಸಿಗೆಯಲ್ಲಿ ನೇವಿ ಪಿಯರ್‌ಗೋ ಬೇರೆ ಯಾವುದಾದರೂ ದಂಡೆಗೋ ಹೋದಾಗ ಅಪ್ಪ ಅಥವಾ ಅಮ್ಮನ ಪೋಲರೈಸ್ಡ್ ತಂಪು ಕನ್ನಡಕ ಕೇಳಿ ಹಾಕಿಕೊಳ್ಳಿ. ನಿಕೋಲ್ ಪಟ್ಟಕ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ತೀರಾ ಕೆಳಗೂ ಅಲ್ಲ, ತೀರಾ ದೂರವೂ ಅಲ್ಲ, ಓರೆಯಾಗಿ ನೀರನ್ನು ನೋಡಿ. ಈಗ ಕಿವಿ ಭುಜಕ್ಕೆ ತಾಗುವ ಹಾಗೆ ತಲೆ ವಾಲಿಸಿ. ಮಾಯವಾಗಿದ್ದ ಹೊಳಪು ತಿರುಗಿ ಬರುತ್ತದೆ. ತಲೆ ನೇರ ಮಾಡಿದರೆ ಆಕಾಶದ ಹೊಳಪು ಹೋಗಿ ನೀರಿನದೇ ಬಣ್ಣ ಕಾಣುತ್ತದೆ. ರಾಮನ್ ನಾರ್ಕುಂಡಾದ ಮೇಲೆ ಮಾಡಿದ ಪ್ರಯೋಗ ಇದೇ.

ನೋಡಿದ ಬಣ್ಣವನ್ನು ತಾರೀಕಿನ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ. ಬರೀ ನೀಲಿ ಎಂದು ಬರೆಯಬೇಡಿ. ಹಾಲು ಬೆರೆಸಿದ ಹಾಗಿತ್ತೇ, ನವಿಲಿನ ಕತ್ತಿನ ಹಾಗಿತ್ತೇ, ಹೆಸರುಕಾಳಿನ ಹಾಗಿತ್ತೇ? ಆಗಸ್ಟ್‌ನಲ್ಲಿ ಹೋದವರಿಗೆ ಹಾಲು ಬೆರೆಸಿದ ಹಸಿರು ನೀಲಿ ಕಂಡರೂ ಆಶ್ಚರ್ಯವಿಲ್ಲ, ನೀರು ಬೆಚ್ಚಗಾದಾಗ ಅದರಲ್ಲಿ ಕರಗಿದ್ದ ಸುಣ್ಣ ಪುಡಿಯಾಗಿ ಹೊರಬರುವುದರಿಂದ ಹಾಗಾಗುತ್ತದೆ. ಶಾಲೆ ಮತ್ತೆ ಶುರುವಾದಾಗ ನಿಮ್ಮ ಪುಸ್ತಕ ತನ್ನಿ, ನಾನು ನನ್ನದನ್ನು ತರುತ್ತೇನೆ. ಎಲ್ಲರೂ ಸೇರಿ ಹೋಲಿಸಿ ನೋಡೋಣ.